ಲಾಭಾಂಶ ಬಾರದ ವರ್ಷದ ಲೆಕ್ಕ: ತಿಕೋಟಾದ ಒಂದು ಮನೆ ಮತ್ತು ವಿಮಾ ಷೇರುಗಳು

ಕೈಯಲ್ಲಿರುವ ಇಪ್ಪತ್ತು ಲಕ್ಷ ರೂಪಾಯಿಯನ್ನು ವಿಮಾ ಕಂಪನಿಗಳ ಷೇರಿಗೆ ಹಾಕಿ, ಬರುವ ಲಾಭಾಂಶದಲ್ಲಿ ಹಿರಿಯರಿಬ್ಬರ ಖರ್ಚು ನಡೆಸಬಹುದೇ? ತಿಕೋಟಾ ತಾಲೂಕಿನ ಒಂದು ದ್ರಾಕ್ಷಿ ಬೆಳೆಗಾರರ ಮನೆಯಲ್ಲಿ 2025ರ ಜುಲೈನಲ್ಲಿ ಎದ್ದ ಪ್ರಶ್ನೆ ಇದು. ನಾನು ವಿಜಯಪುರದಲ್ಲಿ ಬೆಳೆಗಾರರ ಮತ್ತು ಸಣ್ಣ ವ್ಯಾಪಾರಿಗಳ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ; ಈ ಮನೆಯ ಲೆಕ್ಕವೂ ನನ್ನ ಬಳಿಯೇ ಇದೆ. ಅವರ ಒಪ್ಪಿಗೆ ಪಡೆದು, ಹೆಸರು ಮತ್ತು ಊರು ಬಿಟ್ಟು, ನಡೆದದ್ದನ್ನು ಬರೆಯುತ್ತಿದ್ದೇನೆ. ಬಬಲೇಶ್ವರ, ಇಂಡಿ, ಅಥಣಿ ಕಡೆಯ ಮನೆಗಳಲ್ಲೂ ಈಗ ಇದೇ ಪ್ರಶ್ನೆ ಕೇಳಿಬರುತ್ತಿದೆ. ಅದಕ್ಕೆ ಸಿಗುವ ಉತ್ತರ ಮಾತ್ರ ಬಹಳ ಸಲ ಯಾವುದೋ ಒಂದು ಒಳ್ಳೆಯ ವರ್ಷವನ್ನು ನೋಡಿ ಕೊಟ್ಟ ಉತ್ತರವಾಗಿರುತ್ತದೆ. ಅದು ನನ್ನನ್ನು ಕಾಡುತ್ತದೆ.

ಮನೆಯ ಯಜಮಾನರಿಗೆ 63 ವರ್ಷ. ನನ್ನ ತಂದೆಯ ಗೆಳೆಯರಾದ್ದರಿಂದ ನನಗೆ ಅವರು ಕಾಕಾ, ಅವರ ಪತ್ನಿ ಕಾಕು. ನಾಲ್ಕು ಎಕರೆ ದ್ರಾಕ್ಷಿ ತೋಟವನ್ನು ಈಗ ಮಗ ನೋಡಿಕೊಳ್ಳುತ್ತಾನೆ. ಹಣ್ಣು ಬಹುಪಾಲು ಮಣೂಕಕ್ಕೆ, ಅಂದರೆ ಒಣದ್ರಾಕ್ಷಿಗೆ ಹೋಗುತ್ತದೆ. ಒಣಗಿಸಲು ತೋಟದಲ್ಲೇ ಶೆಡ್ ಇದೆ. ಸೊಸೆ ಬಿ.ಕಾಂ. ಓದಿದವಳು, ಮನೆಯಲ್ಲಿ ಷೇರು ಇಟ್ಟುಕೊಳ್ಳುವ ಡಿಮ್ಯಾಟ್ ಖಾತೆ ಇರುವುದು ಅವಳೊಬ್ಬಳಿಗೇ. ಗೊಬ್ಬರ, ಔಷಧ, ಚಾಟನಿ (ಬಳ್ಳಿ ಸವರುವ) ಕೂಲಿ ಎಲ್ಲ ಸೇರಿ ತೋಟಕ್ಕೆ ವರ್ಷಕ್ಕೆ ಹತ್ತು ಲಕ್ಷದ ಆಸುಪಾಸು ಬೇಕು. ಆದಾಯಕ್ಕೆ ಮಾತ್ರ ಯಾವ ಆಸುಪಾಸೂ ಇಲ್ಲ. ಒಣಗಲು ಹರಡಿದ ಹಣ್ಣಿನ ಮೇಲೆ ಮಾರ್ಚಿನಲ್ಲಿ ಎರಡು ದಿನ ಮಳೆ ಬಿದ್ದರೆ ಬಣ್ಣ ಹೋಗುತ್ತದೆ, ಬಣ್ಣ ಹೋದರೆ ದರ ಹೋಗುತ್ತದೆ.

ಇಪ್ಪತ್ತು ಲಕ್ಷ ಬಂದದ್ದು ಒಂದು ಪತ್ತಿನ ಸಹಕಾರ ಸಂಘದ ಠೇವಣಿಯಿಂದ. ಅಲ್ಲಿ ಶೇ 9ರ ಬಡ್ಡಿಯಂತೆ ವರ್ಷಕ್ಕೆ 1,80,000 ರೂಪಾಯಿ ಬರುತ್ತಿತ್ತು. ಐದು ಲಕ್ಷ ರೂಪಾಯಿವರೆಗಿನ ಠೇವಣಿ ವಿಮೆ ಬ್ಯಾಂಕುಗಳಿಗೆ ಮಾತ್ರ ಅನ್ವಯಿಸುತ್ತದೆ, ಪತ್ತಿನ ಸಂಘಗಳಿಗೆ ಅನ್ವಯಿಸುವುದಿಲ್ಲ ಎಂಬುದು ಗೊತ್ತಾದ ಮೇಲೆ ಕಾಕು ರಾತ್ರಿ ನಿದ್ದೆ ಬಿಟ್ಟರು, ಅವಧಿ ಮುಗಿದ ಕೂಡಲೇ ಹಣ ತೆಗೆಸಿದರು. ಆದರೆ ಬ್ಯಾಂಕಿಗೆ ಹಾಕಲು ಹೋದರೆ ಅಲ್ಲಿ ದರ ಇಳಿಯುತ್ತಿತ್ತು. ರಿಸರ್ವ್ ಬ್ಯಾಂಕ್ 2025ರ ಫೆಬ್ರುವರಿ, ಏಪ್ರಿಲ್ ಮತ್ತು ಜೂನ್‌ನಲ್ಲಿ ಮೂರು ಸಲ ರೆಪೊ ದರ, ಅಂದರೆ ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿ ದರ ತಗ್ಗಿಸಿ ಶೇ 6.50ರಿಂದ 5.50ಕ್ಕೆ ತಂದಿತ್ತು. ಹಿರಿಯರಿಬ್ಬರಿಗೆ ತಿಂಗಳಿಗೆ ಹತ್ತು ಸಾವಿರ ಬೇಕು: ಕಾಕುವಿನ ಸಕ್ಕರೆ ಕಾಯಿಲೆಯ ಔಷಧ, ಆರೋಗ್ಯ ವಿಮೆಯ ಕಂತು, ಮೊಮ್ಮಗಳ ಕಾಲೇಜು ಖರ್ಚಿಗೆ ಒಂದು ಪಾಲು. ವರ್ಷಕ್ಕೆ 1,20,000. ಈ ಮೊತ್ತವನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದಿನ ಚರ್ಚೆಯೆಲ್ಲ ಇದಕ್ಕೇ ಗಂಟು ಬಿದ್ದಿದೆ.

ವಿಮಾ ಷೇರೇ ಏಕೆ? ಕಾಕಾ ಕೊಟ್ಟ ಕಾರಣ ನನಗೆ ಗಂಭೀರವಾಗಿಯೇ ಕಂಡಿತು. ಅವರು ದ್ರಾಕ್ಷಿಗೆ ಹವಾಮಾನ ಆಧಾರಿತ ಬೆಳೆ ವಿಮೆ ಮಾಡಿಸುತ್ತ ಬಂದವರು. ತೋಟಗಾರಿಕೆ ಬೆಳೆಗೆ ರೈತ ಕಟ್ಟಬೇಕಾದದ್ದು ವಿಮಾ ಮೊತ್ತದ ಶೇ 5. ಆ ಯೋಜನೆಯಲ್ಲಿ ಪರಿಹಾರ ನಿರ್ಧಾರವಾಗುವುದು ಹವಾಮಾನ ಮಾಪನ ಕೇಂದ್ರದ ಅಂಕಿಯ ಮೇಲೆ, ತೋಟದ ಹಾನಿಯ ಮೇಲಲ್ಲ. "ಮಳೆ ನನ್ನ ತೋಟದಲ್ಲಿ ಬಿತ್ತು, ಮಾಪನ ಕೇಂದ್ರದಲ್ಲಿ ಬೀಳಲಿಲ್ಲ. ನಾನು ಕಟ್ಟಿದ ಹಣ ಕಂಪನಿಗೆ ಉಳಿಯಿತು. ಹಾಗಾದರೆ ತಮ್ಮಾ, ಕಂಪನಿಯ ಕಡೆ ಕುಳಿತರೆ ಅದು ನನಗೆ ಉಳಿಯಬೇಕಲ್ಲ?" ಎಂದು ಕೇಳಿದರು.

ಇದು ಪಾಲಿಸಿದಾರನ ನೋವಿನಿಂದ ಹುಟ್ಟಿದ ಹೂಡಿಕೆಯ ತರ್ಕ. ಇದರಲ್ಲಿ ಅರ್ಧ ಸತ್ಯವಿದೆ. ಕ್ಲೇಮು ಕಡಿಮೆಯಾದ ವರ್ಷ ಕಂಪನಿಗೆ ಉಳಿಯುತ್ತದೆ ಎಂಬುದು ನಿಜ. ಆದರೆ ಕಂಪನಿಗೆ ಉಳಿದದ್ದು ಷೇರುದಾರನ ಕೈಗೆ ಬರುವ ಮೊದಲು ಹಲವು ಬಾಗಿಲು ದಾಟಬೇಕು. ಆ ಬಾಗಿಲುಗಳನ್ನು ಒಂದೊಂದಾಗಿ ನೋಡುವುದೇ ನಮ್ಮ ಕೆಲಸವಾಯಿತು.

ಮೊದಲು ಸರಳ ಗುಣಾಕಾರ ಮಾಡಿದೆವು. ಲೆಕ್ಕ ಸುಲಭವಾಗಲೆಂದು ಆ ದಿನಗಳ ಪೇಟೆ ಬೆಲೆಯನ್ನು ದುಂಡಗೆ ಹಿಡಿದೆವು. ಎಲ್‌ಐಸಿ ಷೇರು 900 ರೂಪಾಯಿ ಎಂದುಕೊಂಡರೆ ಇಪ್ಪತ್ತು ಲಕ್ಷಕ್ಕೆ 2,222 ಷೇರು. 2024–25ನೇ ಸಾಲಿಗೆ ಅದು ಘೋಷಿಸಿದ ಲಾಭಾಂಶ ಷೇರಿಗೆ 12 ರೂಪಾಯಿ, ಒಟ್ಟು 26,664. ದೇಶದ ಸರ್ಕಾರಿ ಮರುವಿಮಾ ಕಂಪನಿ ಜಿಐಸಿ ರೀ ಷೇರು 400 ಎಂದು ಹಿಡಿದರೆ 5,000 ಷೇರು, ಷೇರಿಗೆ 10 ರೂಪಾಯಿಯಂತೆ 50,000. ಎಚ್‌ಡಿಎಫ್‌ಸಿ ಲೈಫ್ 750ರ ಲೆಕ್ಕದಲ್ಲಿ 2,666 ಷೇರು, 2.10 ರೂಪಾಯಿಯಂತೆ ಸುಮಾರು 5,600. ಎಸ್‌ಬಿಐ ಲೈಫ್ 1,800ರ ಲೆಕ್ಕದಲ್ಲಿ 1,111 ಷೇರು, 2.70 ರೂಪಾಯಿಯಂತೆ ಮೂರು ಸಾವಿರ.

ಇಪ್ಪತ್ತು ಲಕ್ಷಕ್ಕೆ ಮೂರು ಸಾವಿರ. ಕಾಕಾ ಕಾಗದವನ್ನು ತಿರುಗಿಸಿ ಮತ್ತೆ ನೋಡಿದರು. ಹೆಚ್ಚು ಕೊಡುವ ಜಿಐಸಿ ರೀ ಕೂಡ ಅವರಿಗೆ ಬೇಕಾದ 1,20,000ದ ಅರ್ಧವನ್ನೂ ಮುಟ್ಟುವುದಿಲ್ಲ. ಇಲ್ಲಿಗೇ ಮಾತು ಮುಗಿಯಿತು ಎಂದು ನಾನು ಭಾವಿಸಿದ್ದೆ. ಮುಗಿಯಲಿಲ್ಲ, ಏಕೆಂದರೆ ಸೊಸೆಯ ಬಳಿ ಇನ್ನೊಂದು ವಾದವಿತ್ತು, ಅದು ಬಲವಾದ ವಾದವೇ ಆಗಿತ್ತು.

ಅವಳು 2022ರ ಮೇ ತಿಂಗಳಲ್ಲಿ ಎಲ್‌ಐಸಿ ಷೇರು ಬಿಡುಗಡೆಯಾದಾಗ ಪಾಲಿಸಿದಾರರ ಮೀಸಲಿನಲ್ಲಿ ಒಂದು ಲಾಟ್, ಅಂದರೆ 15 ಷೇರು ಪಡೆದಿದ್ದಳು. ಬಿಡುಗಡೆ ಬೆಲೆ 949, ಪಾಲಿಸಿದಾರರಿಗೆ 60 ರೂಪಾಯಿ ರಿಯಾಯಿತಿ, ಹಾಗಾಗಿ ಅವಳ ಖರೀದಿ ಬೆಲೆ 889. ಹಾಕಿದ ಹಣ 13,335. ಲಾಭಾಂಶ ಮೊದಲು ಷೇರಿಗೆ 1.50 ರೂಪಾಯಿ ಬಂತು, ಮರುವರ್ಷ 3, ಆಮೇಲೆ ಎರಡು ಕಂತಿನಲ್ಲಿ 10, 2024–25ಕ್ಕೆ 12. "ಅಣ್ಣಾ, ಮೂರು ವರ್ಷದಲ್ಲಿ ಎಂಟು ಪಟ್ಟಾಗಿದೆ. ಬಡ್ಡಿ ಹೀಗೆ ಬೆಳೆಯುತ್ತದೆಯೇ? ಇವತ್ತು ಕಡಿಮೆ ಇರಬಹುದು, ಐದು ವರ್ಷದ ನಂತರದ್ದನ್ನು ನೋಡಬೇಡವೇ? ಅತ್ತೆಯ ಮಾತ್ರೆಯ ಬೆಲೆ ಐದು ವರ್ಷ ಇದ್ದಲ್ಲಿಯೇ ಇರುತ್ತದೆಯೇ?" ಎಂದಳು.

ಬೆಲೆಯೇರಿಕೆಯ ಬಗ್ಗೆ ಅವಳು ಹೇಳಿದ್ದು ನೂರಕ್ಕೆ ನೂರು ಸರಿ. ಸ್ಥಿರ ಬಡ್ಡಿಯ ದೊಡ್ಡ ದೋಷವೇ ಅದು. ಆದರೆ ಎಂಟು ಪಟ್ಟು ಎಂಬ ಏರಿಕೆಯ ಹಿಂದೆ ಏನಿದೆ ಎಂದು ಕೆದಕಿ ನೋಡಿದರೆ ಚಿತ್ರ ಬದಲಾಗುತ್ತದೆ. ಎಲ್‌ಐಸಿಯ ನಿವ್ವಳ ಲಾಭ 2021–22ರಲ್ಲಿ ಸುಮಾರು 4,043 ಕೋಟಿ ಇದ್ದದ್ದು ಮರುವರ್ಷ 36,397 ಕೋಟಿಯಾಯಿತು. ಒಂದೇ ವರ್ಷದಲ್ಲಿ ವ್ಯಾಪಾರ ಒಂಬತ್ತು ಪಟ್ಟು ಬೆಳೆದದ್ದರಿಂದ ಹೀಗಾಗಲಿಲ್ಲ. ಬದಲಾದದ್ದು ಹಂಚಿಕೆಯ ನಿಯಮ. ಹಿಂದೆ ನಿಗಮದ ಹೆಚ್ಚುವರಿ ಹಣದಲ್ಲಿ ಶೇ 95 ಪಾಲಿಸಿದಾರರಿಗೆ, ಶೇ 5 ಮಾಲೀಕನಾದ ಸರ್ಕಾರಕ್ಕೆ ಹೋಗುತ್ತಿತ್ತು. ಷೇರುಪೇಟೆಗೆ ತರುವ ಸಲುವಾಗಿ ಎಲ್‌ಐಸಿ ಕಾಯ್ದೆಗೆ 2021ರಲ್ಲಿ ತಿದ್ದುಪಡಿ ತಂದು, ಪಾಲಿಸಿಗಳ ಹಣವಿರುವ ಜೀವ ನಿಧಿಯನ್ನು ಎರಡಾಗಿ ಬೇರ್ಪಡಿಸಲಾಯಿತು. ಬೋನಸ್ ಇರುವ, ಅಂದರೆ ಹೆಚ್ಚುವರಿಯಲ್ಲಿ ಪಾಲು ಸಿಗುವ ಪಾಲಿಸಿಗಳ ಹೆಚ್ಚುವರಿಯಲ್ಲಿ ಷೇರುದಾರರ ಪಾಲು ಹಂತಹಂತವಾಗಿ ಶೇ 10ಕ್ಕೆ ಏರುವಂತೆ, ಬೋನಸ್ ಇಲ್ಲದ ಪಾಲಿಸಿಗಳ ಹೆಚ್ಚುವರಿ ಪೂರ್ತಿಯಾಗಿ ಷೇರುದಾರರಿಗೆ ಸೇರುವಂತೆ ವ್ಯವಸ್ಥೆಯಾಯಿತು. ಹಾಗಾಗಿ ಲಾಭ ಒಮ್ಮೆಲೇ ಜಿಗಿಯಿತು, ಲಾಭಾಂಶ ಅದರ ಹಿಂದೆ ಏರಿತು. ಅಂಥ ಜಿಗಿತ ಇನ್ನೊಮ್ಮೆ ಬರಲು ಇನ್ನೊಂದು ಕಾನೂನೇ ಬರಬೇಕು. ನಂತರದ ವರ್ಷಗಳ ಲಾಭ 40,676 ಕೋಟಿ, 48,151 ಕೋಟಿ. ಚೆನ್ನಾಗಿದೆ, ಆದರೆ ಎಂಟು ಪಟ್ಟಿನ ಹಾದಿಯಲ್ಲಿ ಇಲ್ಲ.

ಈ ತಿದ್ದುಪಡಿಯ ಮಾತು ಕೇಳಿದಾಗ ಕಾಕು ಮೊದಲ ಬಾರಿಗೆ ನಡುವೆ ಬಂದರು. ಕಾಕಾನ ಹೆಸರಿನಲ್ಲಿ ಬೋನಸ್ ಇರುವ ಹಳೆಯ ಎಂಡೋಮೆಂಟ್ ಪಾಲಿಸಿ (ಅವಧಿ ಮುಗಿದಾಗ ಹಣ ಬರುವಂಥದ್ದು) ಇದೆ. "ಹಾಗಾದರೆ ಷೇರಿಗೆ ಜಾಸ್ತಿ ಕೊಟ್ಟರೆ ನಮ್ಮ ಬೋನಸ್‌ಗೆ ಕಡಿಮೆ ಆಗುವುದಿಲ್ಲವೇ?" ಎಂದು ಕೇಳಿದರು. ಇಡೀ ಚರ್ಚೆಯಲ್ಲಿ ಇದಕ್ಕಿಂತ ಚುರುಕಾದ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಹಂಚುವ ಹಣ ಒಂದೇ. ಶೇ 95ರ ಪಾಲು ಶೇ 90ಕ್ಕೆ ಇಳಿದರೆ ಕಡಿಮೆಯಾಗುವುದು ಪಾಲಿಸಿದಾರನ ಕಡೆಯಿಂದಲೇ. ಪಾಲಿಸಿಯನ್ನೂ ಷೇರನ್ನೂ ಇಟ್ಟುಕೊಂಡವರು ಒಂದು ಕೈಯಿಂದ ಕೊಟ್ಟದ್ದರಲ್ಲಿ ಸ್ವಲ್ಪವನ್ನು ಇನ್ನೊಂದು ಕೈಯಿಂದ ಪಡೆಯುತ್ತಾರೆ. ನಮ್ಮ ಜಿಲ್ಲೆಯಲ್ಲಿ ಎಲ್‌ಐಸಿ ಷೇರು ಕೊಂಡವರಲ್ಲಿ ತುಂಬ ಜನ ಪಾಲಿಸಿಯ ಮೇಲಿನ ನಂಬಿಕೆಯಿಂದಲೇ ಕೊಂಡವರು. ಪಾಲಿಸಿಗೆ ಕಾಯ್ದೆಯ ಪ್ರಕಾರ ಸರ್ಕಾರದ ಖಾತರಿ ಇದೆ. ಷೇರಿಗೆ ಯಾವ ಖಾತರಿಯೂ ಇಲ್ಲ. ಎರಡರ ಮೇಲೂ ಒಂದೇ ಲಾಂಛನವಿದೆ ಎಂಬ ಕಾರಣಕ್ಕೆ ಈ ವ್ಯತ್ಯಾಸ ಮಸುಕಾಗುತ್ತದೆ. ಏಜೆಂಟರು ಇದನ್ನು ಬಿಡಿಸಿ ಹೇಳಬೇಕಿತ್ತು ಎಂಬುದು ನನ್ನ ಬಲವಾದ ಅಭಿಪ್ರಾಯ.

ಸೊಸೆಯ ಹದಿನೈದು ಷೇರಿಗೆ 2025ರ ಜುಲೈವರೆಗೆ ಘೋಷಣೆಯಾದ ಲಾಭಾಂಶ ಕೂಡಿಸಿದರೆ ಷೇರಿಗೆ 26.50, ಅಂದರೆ 397 ರೂಪಾಯಿ 50 ಪೈಸೆ. ಈ ಅವಧಿಯಲ್ಲಿ ಬೆಲೆ 2023ರ ಮಾರ್ಚ್ ಕೊನೆಯಲ್ಲಿ 530ರವರೆಗೆ ಇಳಿದು, 2024ರ ಆಗಸ್ಟ್ ಮೊದಲಿಗೆ 1,200 ದಾಟಿ, ನಾವು ಲೆಕ್ಕ ಮಾಡುವಾಗ ಮತ್ತೆ ಅವಳು ಕೊಂಡ ಬೆಲೆಯ ಹತ್ತಿರಕ್ಕೆ ಬಂದಿತ್ತು. ಲಾಭಾಂಶಕ್ಕಾಗಿ ಕಾದವಳು ಲಾಭಾಂಶದ ಹತ್ತಾರು ಪಟ್ಟು ಏರಿಳಿತವನ್ನು ಜೊತೆಯಲ್ಲೇ ಹೊತ್ತಿದ್ದಳು. ಮೊತ್ತ ಚಿಕ್ಕದಾದ್ದರಿಂದ ಅದು ಮೈಗೆ ತಾಗಲಿಲ್ಲ. ಇಪ್ಪತ್ತು ಲಕ್ಷವನ್ನು 949ರಲ್ಲಿ ಹಾಕಿದ್ದರೆ ಹತ್ತು ತಿಂಗಳಲ್ಲಿ ಅದರ ಬೆಲೆ 11 ಲಕ್ಷದ ಚಿಲ್ಲರೆಗೆ ಇಳಿಯುತ್ತಿತ್ತು.

ಖಾಸಗಿ ಜೀವವಿಮಾ ಕಂಪನಿಗಳು ಇಷ್ಟು ಕಡಿಮೆ ಏಕೆ ಕೊಡುತ್ತವೆ ಎಂಬುದನ್ನೂ ಹೇಳಬೇಕು. ಹೊಸ ಪಾಲಿಸಿ ಮಾರಿದ ವರ್ಷ ಕಮಿಷನ್, ಖರ್ಚು, ಮುಂದಿನ ಹೊಣೆಗೆ ತೆಗೆದಿಡುವ ಹಣ ಎಲ್ಲವೂ ಮೊದಲೇ ಹೋಗುತ್ತವೆ. ಲಾಭ ಬರುವುದು ಮುಂದಿನ ಹತ್ತು, ಇಪ್ಪತ್ತು ವರ್ಷಗಳಲ್ಲಿ. ವೇಗವಾಗಿ ಬೆಳೆಯುವ ಕಂಪನಿಗೆ ಸದಾ ಬಂಡವಾಳದ ಹಸಿವು. ಅದರ ಮೇಲೆ, ಹೊಣೆಗಾರಿಕೆಗೆ ಎದುರಾಗಿ ಇರಬೇಕಾದ ಬಂಡವಾಳದ ಸಾಲ್ವೆನ್ಸಿ ಅನುಪಾತ 1.50ಕ್ಕಿಂತ ಕೆಳಗೆ ಇಳಿಯಬಾರದು ಎಂದು ವಿಮಾ ನಿಯಂತ್ರಣ ಪ್ರಾಧಿಕಾರದ ಕಟ್ಟುಪಾಡಿದೆ. ಆದ್ದರಿಂದ ಅವು ಹಣವನ್ನು ಒಳಗೇ ಇಟ್ಟುಕೊಳ್ಳುತ್ತವೆ. ಅದು ತಪ್ಪಲ್ಲ. ಎಸ್‌ಬಿಐ ಲೈಫ್ 2017ರಲ್ಲಿ 700 ರೂಪಾಯಿಗೆ, ಎಚ್‌ಡಿಎಫ್‌ಸಿ ಲೈಫ್ 290ಕ್ಕೆ ಬಿಡುಗಡೆಯಾದವು. ನಾವು ಮೇಲೆ ಹಿಡಿದ 2025ರ ಬೆಲೆಯೇ ಅವು ಕೊಟ್ಟ ಉತ್ತರ. ಬೆಳವಣಿಗೆಗಾಗಿ ಕಾಯುವವರಿಗೆ ಅವು ಸರಿ, ತಿಂಗಳ ಔಷಧಕ್ಕಾಗಿ ಕಾಯುವವರಿಗೆ ಅಲ್ಲ. ಆರೋಗ್ಯ ವಿಮೆಯ ಸ್ಟಾರ್ ಹೆಲ್ತ್ ಷೇರಿನ ಹೆಸರನ್ನು ಮಗ ಎತ್ತಿದ. 2021ರ ಡಿಸೆಂಬರ್‌ನಲ್ಲಿ 900ಕ್ಕೆ ಬಿಡುಗಡೆಯಾದ ಅದು ಪೇಟೆಗೆ ಬಂದ ಮೇಲೆ ಲಾಭಾಂಶವನ್ನೇ ಕೊಟ್ಟಿರಲಿಲ್ಲ. ನಮ್ಮ ಪ್ರಶ್ನೆಗೆ ಅದು ಸಂಬಂಧಿಸಿದ್ದಲ್ಲ ಎಂದು ಪಕ್ಕಕ್ಕಿಟ್ಟೆವು.

ಉಳಿದದ್ದು ಜಿಐಸಿ ರೀ. ಲಾಭಾಂಶದ ದರ ನೋಡಿದರೆ ಪಟ್ಟಿಯಲ್ಲಿ ಅದೇ ಮುಂದೆ. 2021–22ಕ್ಕೆ 2.25 ರೂಪಾಯಿ, ಮರುವರ್ಷ 7.20, ಆಮೇಲೆ 10, ಮತ್ತೆ 10. ಕಾಕಾನ ಮನಸ್ಸು ಇದರ ಮೇಲೆ ನಿಂತಿತು. ಅದಕ್ಕೇ ಈ ಒಂದು ಕಂಪನಿಯ ಮೇಲೆ ನಾವು ಉಳಿದವುಗಳಿಗಿಂತ ಹೆಚ್ಚು ಹೊತ್ತು ಕಳೆದೆವು.

ವಿಮಾ ಕಂಪನಿಗಳು ತಾವು ಹೊತ್ತ ಹೊಣೆಯ ಒಂದು ಪಾಲನ್ನು ಇನ್ನೊಬ್ಬರಿಗೆ ದಾಟಿಸುತ್ತವೆ; ಆ ಪಾಲನ್ನು ಹೊರುವುದು ಮರುವಿಮೆ. ನಮ್ಮ ದೇಶದಲ್ಲಿ ಪ್ರತಿ ಸಾಮಾನ್ಯ ವಿಮಾ ಪಾಲಿಸಿಯ ಶೇ 4 ಭಾಗವನ್ನು ಕಡ್ಡಾಯವಾಗಿ ಜಿಐಸಿ ರೀಗೆ ಕೊಡಬೇಕು. 2022ರ ಏಪ್ರಿಲ್‌ಗಿಂತ ಮೊದಲು ಅದು ಶೇ 5 ಇತ್ತು. ಟ್ರ್ಯಾಕ್ಟರ್ ವಿಮೆ, ಆಸ್ಪತ್ರೆ ವಿಮೆ, ಬೆಳೆ ವಿಮೆ ಎಲ್ಲದರ ಒಂದು ತುಣುಕು ಅಲ್ಲಿಗೆ ತಲುಪುತ್ತದೆ. 2016ರಲ್ಲಿ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ ಬಂದ ಮೇಲೆ ಈ ಕಂಪನಿ ಬೆಳೆ ವಿಮೆಯ ಹೊಣೆಯನ್ನು ಕಡ್ಡಾಯ ಪಾಲಿಗಿಂತ ಬಹಳ ಹೆಚ್ಚಾಗಿ ಹೊತ್ತುಕೊಂಡಿತು, ಅದರಲ್ಲಿ ಪೆಟ್ಟು ತಿಂದು ಆಮೇಲೆ ಕಡಿಮೆ ಮಾಡಿತು. ಅಂದರೆ ಕಾಕಾ ಕುಳಿತುಕೊಳ್ಳಬೇಕೆಂದಿದ್ದ ಕಂಪನಿಯ ಕಡೆ, ದೇಶದ ರೈತರ ಹಾನಿಯನ್ನೇ ತುಂಬಿಕೊಡಬೇಕಾದ ಕಡೆ.

ಈಗ ಅದರ ಚರಿತ್ರೆ. 2017ರ ಅಕ್ಟೋಬರ್‌ನಲ್ಲಿ 912 ರೂಪಾಯಿಗೆ ಬಿಡುಗಡೆಯಾಯಿತು. 2018ರಲ್ಲಿ ಒಂದಕ್ಕೆ ಒಂದು ಬೋನಸ್ ಷೇರು ಕೊಟ್ಟದ್ದರಿಂದ ಮೊದಲು ಕೊಂಡವರ ಬೆಲೆ 456 ಎಂದು ಹಿಡಿಯಬೇಕು. 2018–19ಕ್ಕೆ 6.75 ರೂಪಾಯಿ ಲಾಭಾಂಶ ಬಂತು. 2019–20ರಲ್ಲಿ ಕಂಪನಿ 359 ಕೋಟಿ ರೂಪಾಯಿ ನಷ್ಟ ತೋರಿಸಿತು, ಸಾಲ್ವೆನ್ಸಿ 1.53ಕ್ಕೆ, ಅಂದರೆ ಕಟ್ಟುಪಾಡಿನ ಅಂಚಿಗೆ ಬಂದು ನಿಂತಿತು. ಆ ವರ್ಷ ಲಾಭಾಂಶವಿಲ್ಲ. ಮರುವರ್ಷ ಲಾಭ ಬಂದರೂ ಲಾಭಾಂಶವಿಲ್ಲ. 2020ರ ಮಾರ್ಚ್‌ನಲ್ಲಿ ಷೇರು 100 ರೂಪಾಯಿಗೂ ಕೆಳಗೆ ಹೋಯಿತು. ಅದೇ ಏಪ್ರಿಲ್ 24ರಂದು ವಿಮಾ ನಿಯಂತ್ರಣ ಪ್ರಾಧಿಕಾರ, ಆ ಸಾಲಿನ ಲಾಭದಿಂದ ಲಾಭಾಂಶ ಕೊಡಬೇಡಿ ಎಂದು ಎಲ್ಲ ವಿಮಾ ಕಂಪನಿಗಳಿಗೆ ಸುತ್ತೋಲೆ ಕಳಿಸಿತು. ಲಾಭವಿದ್ದ ಕಂಪನಿಗೂ ಅದು ಅನ್ವಯಿಸಿತು. ಪಾಲಿಸಿದಾರನ ಹಣ ಮೊದಲು ಭದ್ರವಾಗಬೇಕು, ಷೇರುದಾರ ಕಾಯಬೇಕು ಎಂಬುದು ಆ ಸುತ್ತೋಲೆಯ ತಿರುಳು. ಪಾಲಿಸಿ ಹೊಂದಿದವನಾಗಿ ನಾನು ಅದನ್ನು ಪೂರ್ತಿಯಾಗಿ ಒಪ್ಪುತ್ತೇನೆ. ವಿಮಾ ಷೇರಿನ ಲಾಭಾಂಶವನ್ನೇ ನಂಬಿದ ಮನೆಗೆ ಅದರ ಅರ್ಥವೇನು ಎಂಬುದನ್ನೂ ನೋಡಲೇಬೇಕಾಗುತ್ತದೆ.

ಆಗ ನಾನು ಈ ಮನೆಯ 2020ರ ಲೆಕ್ಕದ ಪುಸ್ತಕ ತೆಗೆದೆ. ಮಾರ್ಚ್ ಕೊನೆಯ ಲಾಕ್‌ಡೌನ್ ದ್ರಾಕ್ಷಿ ಹಂಗಾಮಿನ ನಡುವೆ ಬಂದಿತ್ತು. ಹಸಿ ದ್ರಾಕ್ಷಿಗೆ ವ್ಯಾಪಾರಿಗಳು ಬರಲಿಲ್ಲ, ಮಾರಬೇಕೆಂದಿದ್ದ ಹಣ್ಣನ್ನೂ ಮಣೂಕಕ್ಕೆ ಹಾಕಬೇಕಾಯಿತು, ಕೂಲಿಯವರು ಸಿಗಲಿಲ್ಲ, ಮಹಾರಾಷ್ಟ್ರದ ತಾಸಗಾಂವ ಮತ್ತು ಸಾಂಗ್ಲಿಯ ಮಣೂಕ ಪೇಟೆಗಳ ವ್ಯವಹಾರ ನಿಂತಿತ್ತು. ಆ ವರ್ಷ ಕಾಕಾ ಅಕ್ಟೋಬರ್ ಚಾಟನಿಗೆ ಬಂಗಾರ ಅಡವಿಟ್ಟು ಹಣ ತಂದಿದ್ದರು. ಪತ್ತಿನ ಸಂಘದ ಬಡ್ಡಿ ತಪ್ಪದೆ ಬಂದದ್ದರಿಂದಲೇ ಅಡುಗೆಮನೆ ನಡೆದಿತ್ತು. ಆಗ ಇಪ್ಪತ್ತು ಲಕ್ಷವೂ ಈ ಷೇರಿನಲ್ಲಿ ಇದ್ದಿದ್ದರೆ? ಲಾಭಾಂಶ ಸೊನ್ನೆ. ಮಾರಲು ಹೋದರೆ ಬಿಡುಗಡೆ ಬೆಲೆಯ ಕಾಲು ಭಾಗವೂ ಸಿಗದು. ಒಂದೇ ಮಳೆಗೆ ಎರಡು ಸೂರೂ ಸೋರುವ ಸ್ಥಿತಿ ಅದು.

ಅಪಾಯ ಎಂದರೆ ಬೆಲೆ ಇಳಿಯುವುದಷ್ಟೇ ಎಂದು ನಾವು ಸಾಮಾನ್ಯವಾಗಿ ಮಾತಾಡುತ್ತೇವೆ. ಇಳಿದ ಬೆಲೆ ಕಾದವರಿಗೆ ಮರಳಿ ಬರಬಹುದು; ಈ ಷೇರು 2024ರಲ್ಲಿ ತನ್ನ ಹಳೆಯ ಬೆಲೆಯನ್ನು ದಾಟಿ ಮತ್ತೆ ಕೆಳಗಿಳಿಯಿತು. ಈ ಮನೆಯ ಅಪಾಯ ಬೇರೆ. ಇವರಿಗೆ ಹಣ ಬೇಕಾಗುವುದು ಅಕ್ಟೋಬರ್‌ನಲ್ಲಿ, ಅದೂ ಹಿಂದಿನ ಹಂಗಾಮು ಕೈಕೊಟ್ಟಾಗ. ಕಾಯಲು ಆಗದವನು ಇಳಿದ ಬೆಲೆಗೇ ಮಾರುತ್ತಾನೆ. ಸರ್ಕಾರಿ ನೌಕರಿಯ ಪಿಂಚಣಿ ಇರುವ ಮನೆಗೆ ಇದೇ ಷೇರು ಅಷ್ಟು ಅಪಾಯದ್ದಲ್ಲ, ಏಕೆಂದರೆ ಅವರು ಎರಡು ವರ್ಷ ಸೊನ್ನೆಯನ್ನು ತಾಳಬಲ್ಲರು.

ಸೊಸೆ ಇಲ್ಲಿಯೂ ಸುಮ್ಮನೆ ಒಪ್ಪಲಿಲ್ಲ. 2023ರಲ್ಲಿ ರಾಜ್ಯದ 200ಕ್ಕೂ ಹೆಚ್ಚು ತಾಲೂಕುಗಳು ಬರಪೀಡಿತವೆಂದು ಘೋಷಣೆಯಾಗಿದ್ದವು; ಆ ಸಾಲಿನಲ್ಲೇ ಜಿಐಸಿ ರೀ ಲಾಭಾಂಶವನ್ನು 7.20ರಿಂದ 10ಕ್ಕೆ ಏರಿಸಿತ್ತು. "ನಮ್ಮ ಬರಕ್ಕೂ ಅವರ ಲಾಭಕ್ಕೂ ನೇರ ಸಂಬಂಧ ಇಲ್ಲ ಎಂದಾಯಿತಲ್ಲ?" ಎಂದಳು. ಈ ಆಕ್ಷೇಪ ನ್ಯಾಯವಾದದ್ದು. ಕಂಪನಿಯ ವ್ಯವಹಾರ ದೇಶವಿದೇಶಗಳಲ್ಲಿ ಹರಡಿದೆ, ತಿಕೋಟಾದ ಬರ ಅದರ ಲೆಕ್ಕದಲ್ಲಿ ಕಾಣುವುದೂ ಇಲ್ಲ. ಅದರ ವಿಮಾ ವ್ಯವಹಾರದಲ್ಲಿ ಕ್ಲೇಮು ಮತ್ತು ಖರ್ಚು ಸೇರಿ ಪ್ರೀಮಿಯಂ ಅನ್ನು ಮೀರುತ್ತವೆ. ಆ ಕೊರತೆಯನ್ನು ತುಂಬಿ ಲಾಭ ತರುವುದು ಹೂಡಿಕೆಯ ಆದಾಯ. ಹಾಗಾಗಿ ಷೇರುಪೇಟೆ ಚೆನ್ನಾಗಿದ್ದ ವರ್ಷ ಬರವಿದ್ದರೂ ಲಾಭಾಂಶ ಏರಬಹುದು. 2025ರ ಹೊತ್ತಿಗೆ ಸಾಲ್ವೆನ್ಸಿಯೂ 3ನ್ನು ದಾಟಿತ್ತು. 6,701 ಕೋಟಿ ಲಾಭದಲ್ಲಿ ಹಂಚಿದ್ದು ಸುಮಾರು 1,754 ಕೋಟಿ, ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು. 2020ರ ಕಂಪನಿಗಿಂತ ಇದು ಗಟ್ಟಿಯಾಗಿದೆ ಎಂದು ನಾನೂ ಒಪ್ಪಿದೆ. ಆದರೆ ದೊಡ್ಡ ಆಪತ್ತು ಎಲ್ಲವನ್ನೂ ಒಟ್ಟಿಗೆ ಹಿಡಿಯುತ್ತದೆ. ಪೇಟೆ, ಕ್ಲೇಮು, ನಿಯಂತ್ರಕರ ಆದೇಶ, ನಮ್ಮ ಮಾರುಕಟ್ಟೆ ನಾಲ್ಕೂ ಒಂದೇ ಏಪ್ರಿಲ್‌ನಲ್ಲಿ ಕೆಟ್ಟದ್ದನ್ನು ನಾವು ಕಂಡಿದ್ದೇವೆ.

ಇನ್ನೊಂದು ಅಪಾಯವನ್ನು ಚಿಕ್ಕದಾಗಿ ಹೇಳುತ್ತೇನೆ. ಎಲ್‌ಐಸಿಯಲ್ಲಿ ಸರ್ಕಾರದ ಪಾಲು ಶೇ 96.5. ಸಾರ್ವಜನಿಕರ ಪಾಲನ್ನು ಶೇ 10ಕ್ಕೆ ಏರಿಸಲು ಷೇರುಪೇಟೆಯ ನಿಯಂತ್ರಕ ಸೆಬಿ 2027ರ ಮೇ ತನಕ ಸಮಯ ಕೊಟ್ಟಿದೆ. ಅಂದರೆ ಸರ್ಕಾರ ಇನ್ನೂ ಷೇರು ಮಾರಲೇಬೇಕು. ಜಿಐಸಿ ರೀ ಷೇರುಗಳನ್ನೂ ಅದು 2024ರ ಸೆಪ್ಟೆಂಬರ್‌ನಲ್ಲಿ 395ರ ಕನಿಷ್ಠ ಬೆಲೆಗೆ ಮಾರಿತ್ತು. ಅಂಥ ಮಾರಾಟದ ಸುದ್ದಿ ಬಂದಾಗ ಬೆಲೆ ಕುಗ್ಗುವುದು ಸಹಜ. ಬಜೆಟ್ ಕೂಡ ಒಂದು ಗಂಡಾಂತರ: 2023ರ ಫೆಬ್ರುವರಿ 1ರಂದು, ವರ್ಷಕ್ಕೆ ಐದು ಲಕ್ಷಕ್ಕಿಂತ ಹೆಚ್ಚು ಪ್ರೀಮಿಯಂ ಇರುವ ಪಾಲಿಸಿಗಳ ತೆರಿಗೆ ವಿನಾಯಿತಿ ತೆಗೆದಾಗ ಎಚ್‌ಡಿಎಫ್‌ಸಿ ಲೈಫ್ ಒಂದೇ ದಿನ ಶೇ 10ಕ್ಕಿಂತ ಹೆಚ್ಚು ಬಿತ್ತು.

ನಿರ್ಧಾರಕ್ಕೆ ಬರುವ ಮೊದಲು ನಾವು ಒಂದು ನಿಯಮ ಮಾಡಿಕೊಂಡೆವು. ಯಾವ ಖರ್ಚು ನಿಲ್ಲಿಸಲು ಸಾಧ್ಯವಿಲ್ಲವೋ ಅದಕ್ಕೆ, ನಿಲ್ಲಬಹುದಾದ ಆದಾಯವನ್ನು ಜೋಡಿಸಬಾರದು. ಔಷಧ ನಿಲ್ಲುವುದಿಲ್ಲ, ಲಾಭಾಂಶ ನಿಲ್ಲಬಹುದು. ಹಾಗಾಗಿ 15 ಲಕ್ಷವನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕಲಾಯಿತು. ದರ ಶೇ 8.2, ಮೂರು ತಿಂಗಳಿಗೊಮ್ಮೆ 30,750, ವರ್ಷಕ್ಕೆ 1,23,000 ರೂಪಾಯಿ. ಬೇಕಾದದ್ದು 1,20,000, ಅಷ್ಟಕ್ಕೆ ಆ ಬಾಗಿಲು ಮುಚ್ಚಿತು. ಕಾಕುವಿನ ಮುಖ ಆಗ ತಿಳಿಯಾಯಿತು. ಎರಡೂವರೆ ಲಕ್ಷ ಚಾಟನಿಯ ಆಪದ್ಧನವಾಗಿ ಬ್ಯಾಂಕ್ ಠೇವಣಿಗೆ ಹೋಯಿತು. ಉಳಿದ ಎರಡೂವರೆ ಲಕ್ಷದ ಮೇಲೆ ಸೊಸೆಯ ವಾದಕ್ಕೆ ನ್ಯಾಯ ಸಿಗಬೇಕಿತ್ತು, ಬೆಲೆಯೇರಿಕೆ ಎಂಬ ಅವಳ ಚಿಂತೆ ಸುಳ್ಳಲ್ಲ. ಅದರಲ್ಲಿ ಅರ್ಧ, ಷೇರುಪೇಟೆಯ ಸೂಚ್ಯಂಕವನ್ನು ಹಿಂಬಾಲಿಸುವ ಸೂಚ್ಯಂಕ ನಿಧಿಗೆ, ಅರ್ಧ ವಿಮಾ ಷೇರಿಗೆ: ಎಲ್‌ಐಸಿಗೆ 60,000, ಜಿಐಸಿ ರೀಗೆ 65,000, ಒಮ್ಮೆಲೇ ಕೊಳ್ಳದೆ ಕಂತಿನಲ್ಲಿ. ನಾವು ಹಿಡಿದ ಬೆಲೆಯಲ್ಲಿ 66 ಮತ್ತು 162 ಷೇರು, ಲಾಭಾಂಶ 792 ಮತ್ತು 1,620. ಒಟ್ಟು 2,412 ರೂಪಾಯಿ.

"ಇಷ್ಟರಲ್ಲಿ ತೋಟಕ್ಕೆ ಒಂದು ಸಲದ ಔಷಧ ಹೊಡೆಯಲೂ ಆಗುವುದಿಲ್ಲ" ಎಂದರು ಕಾಕಾ. ಅವರ ಬೇಸರ ನಿಜವಾದದ್ದು. ಈ ಹಣ ಖರ್ಚಿಗಲ್ಲ, ಇದರ ಲಾಭಾಂಶವನ್ನು ಮುಟ್ಟದೆ ಆಪದ್ಧನಕ್ಕೇ ಸೇರಿಸುವುದು, ಒಂದು ವರ್ಷ ಬಾರದಿದ್ದರೆ ಮನೆಯಲ್ಲಿ ಯಾರಿಗೂ ಅದು ಗೊತ್ತಾಗುವಂತಿರಬಾರದು ಎಂದು ಮಾತಾಯಿತು.

ಕಾಗದಪತ್ರದ ಕೆಲಸದಲ್ಲಿ ಎರಡು ತೊಡಕು ಬಂದವು, ಇತರರಿಗೂ ಬರಬಹುದು. ಡಿಮ್ಯಾಟ್ ಸೊಸೆಗೆ ಇದೆಯಲ್ಲ, ಅವಳ ಖಾತೆಯಲ್ಲೇ ಕೊಳ್ಳೋಣ ಎಂದಿದ್ದರು. ಮಾವ ಕೊಟ್ಟ ಹಣದಿಂದ ಸೊಸೆಗೆ ಬರುವ ಆದಾಯವನ್ನು ಆದಾಯ ತೆರಿಗೆ ಕಾಯ್ದೆ ಮಾವನ ಆದಾಯಕ್ಕೇ ಸೇರಿಸುತ್ತದೆ. ಮೊತ್ತ ಚಿಕ್ಕದಾದರೂ ಪ್ರತಿ ವರ್ಷ ಗೊಂದಲ. ಆದ್ದರಿಂದ ಕಾಕಾನ ಹೆಸರಿನಲ್ಲೇ ಹೊಸ ಖಾತೆ ತೆರೆದು, ಕಾಕುವನ್ನು ನಾಮಿನಿ ಮಾಡಿಸಿದೆವು. ಒಂದು ಕಂಪನಿಯಿಂದ ವರ್ಷಕ್ಕೆ 10,000 ರೂಪಾಯಿ ಮೀರಿದರೆ ಮಾತ್ರ ಲಾಭಾಂಶದ ಮೇಲೆ ಮೂಲದಲ್ಲಿ ತೆರಿಗೆ ಕಡಿತವಾಗುತ್ತದೆ. ಇಲ್ಲಿ ಆ ಪ್ರಶ್ನೆ ಇಲ್ಲ. ಅಂಚೆ ಕಚೇರಿಯ ಬಡ್ಡಿ ಮಾತ್ರ ಹಿರಿಯರ ಮಿತಿಯಾದ ಒಂದು ಲಕ್ಷವನ್ನು ಮೀರುವುದರಿಂದ, ತೆರಿಗೆ ಕಡಿಯಬೇಡಿ ಎಂದು ಕೋರುವ 15ಎಚ್ ಅರ್ಜಿ ಕೊಡಲಾಯಿತು. ಕೃಷಿಯೇತರ ಆದಾಯ ತೆರಿಗೆ ಮಿತಿಯ ಕೆಳಗೇ ಇರುವುದರಿಂದ ದ್ರಾಕ್ಷಿಯ ಆದಾಯವನ್ನು ತೆರಿಗೆ ದರ ನಿರ್ಧರಿಸಲು ಕೂಡಿಸುವ ಪ್ರಸಂಗವೂ ಬರುವುದಿಲ್ಲ. ಎರಡನೆಯ ತೊಡಕು ಬ್ಯಾಂಕಿನದು. ಕಾಕಾನ ಖಾತೆ ಇದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿಹೋಗಿದೆ. ಲಾಭಾಂಶ ಜಮೆಯಾಗುವುದು ಡಿಮ್ಯಾಟ್‌ಗೆ ಜೋಡಿಸಿದ ಖಾತೆಗೇ. ವಿವರ ತಪ್ಪಿದ್ದರೆ ಹಣ ಹಿಂದಿರುಗುತ್ತದೆ, ಏಳು ವರ್ಷ ಯಾರೂ ಕೇಳದಿದ್ದರೆ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ಹೋಗುತ್ತದೆ. ವಿಲೀನವಾದ ಬ್ಯಾಂಕುಗಳಲ್ಲಿ ಖಾತೆ ಇರುವವರೆಲ್ಲ ಇದನ್ನು ಒಮ್ಮೆ ನೋಡಿಕೊಳ್ಳಬೇಕು.

ಸೆಪ್ಟೆಂಬರ್ ಕೊನೆಯಲ್ಲಿ ಜಿಲ್ಲೆಯಲ್ಲಿ ಮಳೆ ಜೋರಾಯಿತು, ಭೀಮಾ ತೀರದಲ್ಲಿ ಪ್ರವಾಹ ಬಂತು. ತಿಕೋಟಾ ಕಡೆ ನದಿಯ ಕಾಟ ಇಲ್ಲದಿದ್ದರೂ ತೋಟದಲ್ಲಿ ತೇವ ಆರದೆ ಚಾಟನಿ ಮುಂದೆ ಹೋಯಿತು, ರೋಗಕ್ಕೆ ಹೆಚ್ಚುವರಿ ಔಷಧ ಬೇಕಾಯಿತು. ಮಗ ಆಪದ್ಧನದಿಂದ ಎಂಬತ್ತು ಸಾವಿರ ತೆಗೆದ. ಅದೇ ವಾರ, ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ಮತ್ತು ಆರೋಗ್ಯ ಪಾಲಿಸಿಗಳ ಮೇಲಿನ ಜಿಎಸ್‌ಟಿ ಸೊನ್ನೆಯಾದದ್ದರಿಂದ ವಿಮಾ ಷೇರುಗಳ ಮಾತು ಎಲ್ಲೆಡೆ ಜೋರಾಗಿತ್ತು, ಇನ್ನಷ್ಟು ಕೊಳ್ಳೋಣವೇ ಎಂದು ಕಾಕಾ ಫೋನ್ ಮಾಡಿದರು. ಪ್ರೀಮಿಯಂ ಅಗ್ಗವಾಗಿ ಮಾರಾಟ ಹೆಚ್ಚಬಹುದು, ಆದರೆ ಖರ್ಚಿನ ಮೇಲೆ ಕಟ್ಟಿದ ತೆರಿಗೆಯನ್ನು ಕಂಪನಿಗಳು ಇನ್ನು ಹಿಂದಕ್ಕೆ ಪಡೆಯಲಾರವು. ಎರಡನ್ನೂ ತೂಗಿ ನೋಡಲು ಒಂದು ವರ್ಷದ ಲೆಕ್ಕವಾದರೂ ಬರಲಿ ಎಂದೆ. ಮಾವನ ಆಸೆಗೆ ಸೊಸೆಯೇ ಬೇಡವೆಂದಳು. ಮೊದಲು ತೆಗೆದ ಎಂಬತ್ತು ಸಾವಿರವನ್ನು ಮಣೂಕ ಮಾರಿದ ಮೇಲೆ ಠೇವಣಿಗೆ ತುಂಬಬೇಕು, ಅದಾಗದೆ ಹೊಸ ಷೇರಿಲ್ಲ ಎಂಬುದು ಅವಳು ಹಾಕಿದ ಷರತ್ತು. ಕಾಕಾನ ಎಂಡೋಮೆಂಟ್ ಪಾಲಿಸಿಯ ಅವಧಿ ಮುಗಿಯುವುದು 2027ರಲ್ಲಿ, ಸರ್ಕಾರ ಎಲ್‌ಐಸಿಯ ಪಾಲು ಇಳಿಸಬೇಕಾದದ್ದೂ ಅದೇ ವರ್ಷ. ಆ ಪಾಲಿಸಿಯ ಹಣ ಎಲ್ಲಿಗೆ ಹೋಗಬೇಕು ಎಂಬ ಬಗ್ಗೆ ಅಪ್ಪ ಮತ್ತು ಮಗನ ನಡುವೆ ಇನ್ನೂ ಒಮ್ಮತವಿಲ್ಲ: ಮಗನಿಗೆ ಹೊಸ ಒಣಗಿಸುವ ಶೆಡ್ ಬೇಕು, ಕಾಕಾನಿಗೆ ಷೇರು ಬೇಕು.